ಉಮಾನಾಥರ ಕಂಪ್ಯೂಟರಿಗೆ ಮೂರು ಕಾವಲು

ಲಂಡನ್ನಿನ ಕೆಂಟನ್ ಬಡಾವಣೆಯ ಉಮಾನಾಥರು ಈವರೆಗಿನ ತಮ್ಮ ಬಾಳಿನಲ್ಲಿ ಯಾರ ಮುಖದೆದುರೂ 'ಇಲ್ಲ' ಎಂದವರಲ್ಲ. ಇದನ್ನು ಹೊಗಳಿಕೆಯೆಂದು ಯಾರೂ ತಿಳಿಯಬಾರದು. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ಉಮಾನಾಥರಿಗೆ ಇವೆರಡರ ಜೊತೆಗೆ ದಾಕ್ಷಿಣ್ಯವೂ ಇತ್ತು. ಮೊದಲಿನ ಎರಡಕ್ಕೆ ಹತ್ತಿರದ ಡಾಕ್ಟರು, ಅಂದರೆ ಜಿಪಿ, ಮಾತ್ರೆ ಬರೆದುಕೊಟ್ಟಿದ್ದರು. ಮೂರನೆಯದಕ್ಕೆ ಈ ದೇಶದಲ್ಲಿ ಮದ್ದಿರಲಿಲ್ಲ.

ಹ್ಯಾರೋದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಬಡಿಸಿದ್ದರಿಂದಲೇ ಕಾಯಿಲೆ ಬಲಿಯಿತು ಎಂದು ಹೇಳುವವರಿದ್ದಾರೆ. ದೋಸೆ ಹಿಟ್ಟು ಮುಗಿದುಹೋದ ಮೇಲೂ ಗಿರಾಕಿ ದೋಸೆ ಕೇಳಿದರೆ ಉಮಾನಾಥರು ಇಲ್ಲವೆನ್ನುತ್ತಿರಲಿಲ್ಲ. 'ಐದು ನಿಮಿಷ' ಎಂದು ನಕ್ಕು ಒಳಗೆ ಹೋಗಿ, ಗಿರಾಕಿ ತಾನಾಗಿಯೇ ಬೇಸತ್ತು ಇಡ್ಲಿ ಸಾಕೆನ್ನುವ ತನಕ ಹೊರಗೆ ಬರುತ್ತಿರಲಿಲ್ಲ. ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು 'ಅಕ್ಕ್'. ಆಗಬಹುದು ಎನ್ನುವುದಕ್ಕೆ ಕುಂದಾಪುರದ ಕಡೆ ಹಾಗೆನ್ನುತ್ತಾರೆ. ಒಮ್ಮೆ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರೂ ಅಭ್ಯರ್ಥಿಗಳು ಸೂಚಕರ ಜಾಗದಲ್ಲಿ ಉಮಾನಾಥರ ಸಹಿಯನ್ನೇ ಹಾಕಿಸಿಕೊಂಡಿದ್ದರು. ಇಬ್ಬರೂ ಬಂದು ಕೇಳಿದ್ದರು, ಇಬ್ಬರಿಗೂ ಅಕ್ಕ್ ಎಂದಿದ್ದರು. ಆ ವರ್ಷ ಚುನಾವಣೆ ನಡೆಯಲೇ ಇಲ್ಲ.

ಮಂಡಿನೋವು ಜೋರಾಗಿ ಉಮಾನಾಥರು ಹೋಟೆಲ್ ಬಿಟ್ಟ ಮೇಲೆ ಅವರ ಹೆಂಡತಿ ಗುಲಾಬಿ ಒಂದು ದಿನ ಒಗೆದ ಬಟ್ಟೆ ಮಡಚುತ್ತ, ತಾನೊಂದು ಕೆಲಸಕ್ಕೆ ಅರ್ಜಿ ಹಾಕಲೇ ಎಂದು ಕೇಳಿದರು. ಹತ್ತಿರದ ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ, ಮಕ್ಕಳ ಮಧ್ಯಾಹ್ನದ ಊಟಕ್ಕೆ ಜನ ಬೇಕಾಗಿದ್ದರು. ಗುಲಾಬಿ ಇಷ್ಟು ವರ್ಷವೂ ಅದೇ ಹೋಟೆಲಿನ ಹಿಂಬದಿಯಲ್ಲಿ ತೆಂಗಿನಕಾಯಿ ತುರಿದು, ಚಟ್ನಿ ರುಬ್ಬಿ, ಸಂಜೆ ಹಿಂದಿನ ಬಾಗಿಲಿನಿಂದ ಮನೆಗೆ ಬಂದವರು. ಅಲ್ಲಿ ಎಲ್ಲರಿಗೂ ಅವರು ಉಮಾನಾಥರ ಹೆಂಡತಿ. ಶಾಲೆಯಲ್ಲಾದರೆ ಹೆಸರು ಬರೆದ ಬ್ಯಾಡ್ಜ್ ಕೊಡುತ್ತಾರಂತೆ. ಅದನ್ನು ಹೇಳುವಾಗ ಗುಲಾಬಿಯ ಕೈ ಬಟ್ಟೆ ಮಡಚುವುದನ್ನು ನಿಲ್ಲಿಸಿತ್ತು. ಉಮಾನಾಥರು ಟಿವಿಯಿಂದ ಕಣ್ಣು ಕೀಳದೆ ಅಕ್ಕ್ ಎಂದರು.

ಮ್ಯಾಂಚೆಸ್ಟರಿನಲ್ಲಿರುವ ಮಗಳು ನವ್ಯಾ ಅರ್ಜಿ ತುಂಬಿಸಿದಳು. ಕೆಲವು ದಿನಗಳಲ್ಲೇ ಶಾಲೆಗೆ ಊಟ ಒದಗಿಸುವ ಕಂಪನಿಯಿಂದ ಇಮೇಲ್ ಬಂತು. ಬರುವ ಗುರುವಾರ ಬೆಳಿಗ್ಗೆ ಸಂದರ್ಶನ, ಕಂಪ್ಯೂಟರಿನ ಮೂಲಕ. ಕೆಳಗೆ ಸಣ್ಣ ಅಕ್ಷರದಲ್ಲಿ, ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆಯೆಂದು ದಯವಿಟ್ಟು ಖಚಿತಪಡಿಸಿಕೊಳ್ಳಿ ಎಂದಿತ್ತು. ಲೋಕದಲ್ಲಿ ಯಾರೂ ಓದದ ಆ ಸಾಲನ್ನು ಉಮಾನಾಥರು ಓದಿದರು. ಓದಿ, ಇಡೀ ಸಂದರ್ಶನ ನಿಂತಿರುವುದೇ ಆ ಸಾಲಿನ ಮೇಲೆ ಎಂದು ತೀರ್ಮಾನಿಸಿದರು.

ಕಾರಣವಿಲ್ಲದೆ ಅಲ್ಲ. ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತಿದ್ದ ಆ ಕಂಪ್ಯೂಟರ್ ನವ್ಯಾ ಕಾಲೇಜಿಗೆ ಹೋಗುವಾಗ ಬಿಟ್ಟುಹೋದದ್ದು. ಅದರ ಜೊತೆಗೆ ಬಂದಿದ್ದ ಆಂಟಿವೈರಸ್‌ನ ಅವಧಿ ಮುಗಿದು, ಪರದೆಯ ಮೂಲೆಯಲ್ಲಿ ಹಳದಿ ತ್ರಿಕೋನವೊಂದು ಕಾಣಿಸಿಕೊಂಡು ಬಹಳ ಕಾಲವಾಗಿತ್ತು. ಉಮಾನಾಥರು ನವ್ಯಾಳಿಗೆ ಫೋನ್ ಮಾಡಿ ಯಾವ ಆಂಟಿವೈರಸ್ ಹಾಕಲಿ ಎಂದು ಕೇಳಿದರು. ಹಳೆಯದನ್ನು ತೆಗೆದುಬಿಡಿ, ಕಂಪ್ಯೂಟರಿನ ಒಳಗೇ ಒಂದು ಇರುತ್ತದೆ, ತಾನೇ ಎದ್ದು ಕೆಲಸ ಮಾಡುತ್ತದೆ, ಹೊಸದು ಏನೂ ಹಾಕಬೇಡಿ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಉಮಾನಾಥರಿಗೆ ಸಮಾಧಾನವಾಗಲಿಲ್ಲ. ಜ್ವರವೆಂದು ಹೋದರೆ ನೀರು ಕುಡಿದು ಮಲಗಿ ಎಂದು ಕಳಿಸುವ ಜಿಪಿಯ ಧಾಟಿಯೇ ಅದರಲ್ಲೂ ಇತ್ತು. ಅಲ್ಲದೆ ಹೇಳಿದವಳು ತಾವೇ ಎತ್ತಿ ಆಡಿಸಿದ ಮಗಳು. ಆದರೂ ಹಳೆಯದನ್ನು ತೆಗೆದರು, ಏಕೆಂದರೆ ಅವಳಿಗೂ ಅಕ್ಕ್ ಎಂದಾಗಿತ್ತು.

ಪಕ್ಕದ ಮನೆಯ ನಾರಾಯಣಸ್ವಾಮಿಯವರು ಮೈಸೂರಿನವರು. ಕೌನ್ಸಿಲ್ ಆಫೀಸಿನಲ್ಲಿ ಇಡೀ ಸೇವಾವಧಿಯನ್ನು ಕಂಪ್ಯೂಟರಿನ ಎದುರೇ ಕಳೆದು ನಿವೃತ್ತರಾದವರು. ಬೇಲಿಯ ಆಚೆ ಹೂಗಿಡಕ್ಕೆ ಕತ್ತರಿ ಹಾಕುತ್ತಿದ್ದ ಅವರನ್ನು ಉಮಾನಾಥರು ಕೇಳಿದರು. ನಾರಾಯಣಸ್ವಾಮಿಯವರು ಕತ್ತರಿ ಕೆಳಗಿಟ್ಟರು. ಅವರು ಕತ್ತರಿ ಕೆಳಗಿಟ್ಟರೆಂದರೆ ವಿಷಯ ಗಂಭೀರವೆಂದು ಬೀದಿಗೆಲ್ಲ ಗೊತ್ತು.

"ನೋಡಿ ಉಮಾನಾಥ್, ಫ್ರೀ ಅನ್ನೋದ್ರಲ್ಲಿ ಎರಡು ಥರ ಇದೆ. ಒಂದು ನಿಜವಾಗ್ಲೂ ಫ್ರೀ. ಇನ್ನೊಂದು, ಅವರು ನಮ್ಮನ್ನೇ ಮಾರ್ಕೊಂಡು ತಿಂತಾರೆ. ನೀವು ಸುಮ್ನೆ ನಾನು ಹೇಳಿದ್ದು ಹಾಕ್ಕೊಳ್ಳಿ."

ಅವರು ಹೇಳಿದ ಆಂಟಿವೈರಸ್‌ಗೆ ಕೋಟೆಯ ಚಿತ್ರವಿತ್ತು. ಬುರುಜು, ಬಾಗಿಲು, ಮೇಲೊಂದು ಬಾವುಟ. ಉಮಾನಾಥರು ಅದನ್ನು ಇಳಿಸಿಕೊಳ್ಳುವಾಗ ಕೋಟೆ ಅವರನ್ನು ಒಂದೊಂದೇ ಪ್ರಶ್ನೆ ಕೇಳುತ್ತ ಹೋಯಿತು. ತನ್ನ ಸರ್ಚ್ ಬಾರನ್ನೂ ಸೇರಿಸಲೇ, ಮೊದಲ ಪುಟವನ್ನು ಬದಲಿಸಲೇ, ಹವಾಮಾನ ಹೇಳಲೇ, ಆಗಾಗ ಕೊಡುಗೆಗಳ ಸುದ್ದಿ ಕಳಿಸಲೇ. ಇಷ್ಟು ಮರ್ಯಾದೆಯಿಂದ ಕೇಳುವವರಿಗೆ ಬೇಡವೆನ್ನುವುದು ಹೇಗೆ? ಎಲ್ಲದಕ್ಕೂ ಒಪ್ಪಿದರು. ಸಂಜೆ ನಾರಾಯಣಸ್ವಾಮಿಯವರು ಖುದ್ದಾಗಿ ಬಂದು, ಕನ್ನಡಕ ಹಣೆಗೇರಿಸಿ ಕೋಟೆಯನ್ನು ನೋಡಿ, ಗೃಹಪ್ರವೇಶಕ್ಕೆ ಬಂದವರ ಹಾಗೆ ತೃಪ್ತಿಯಿಂದ ತಲೆಯಾಡಿಸಿ ಹೋದರು.

ಮರುದಿನ ಅವರ ಹೆಂಡತಿ ವೈದೇಹಿಯವರು ಡಬ್ಬಿ ವಾಪಸು ಕೊಡಲು ಬಂದರು. ಡಬ್ಬಿ ಕೊಟ್ಟು, ಹಿಂದೆ ಮುಂದೆ ನೋಡಿ, ಇವರ ಮಾತು ಕೇಳಿ ಆ ಕೋಟೆ ಹಾಕಿಕೊಂಡಿರೋ ಹೇಗೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಯೋಗ ಕ್ಲಾಸಿನಲ್ಲಿ ಎಲ್ಲರೂ ಬೇರೊಂದನ್ನು ಬಳಸುತ್ತಾರೆ, ಅದೂ ಫ್ರೀ, ಬಹಳ ಹಗುರ, ನೀವು ಅದನ್ನೇ ಹಾಕಿ, ಆದರೆ ಇವರಿಗೆ ಮಾತ್ರ ಹೇಳಬೇಡಿ ಎಂದರು. ಹೆಂಗಸೊಬ್ಬರು ನಂಬಿ ಗುಟ್ಟಿನಲ್ಲಿ ಹೇಳಿದ್ದನ್ನು ತಳ್ಳಿಹಾಕುವುದು ಉಮಾನಾಥರಿಂದಾಗಲಿಲ್ಲ. ಕೋಟೆಯನ್ನು ತೆಗೆಯುವುದೂ ಆಗಲಿಲ್ಲ, ನಾರಾಯಣಸ್ವಾಮಿಯವರು ಯಾವಾಗ ಬೇಕಾದರೂ ನೋಡಲು ಬರಬಹುದು. ಹಾಗಾಗಿ ಎರಡೂ ಇರಲೆಂದರು. ಒಬ್ಬ ಕಾವಲುಗಾರನಿಗಿಂತ ಇಬ್ಬರು ಮೇಲಲ್ಲವೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಎರಡನೆಯದರ ಚಿತ್ರ ಗೂಬೆ. ದುಂಡು ಕಣ್ಣು ಬಿಟ್ಟು ಪರದೆಯ ಮೂಲೆಯಲ್ಲಿ ಕೂತ ಗೂಬೆಯನ್ನು ನೋಡಿ ಗುಲಾಬಿ ಕೈಯಲ್ಲಿದ್ದ ಸೌಟಿನ ಸಮೇತ ಅಲ್ಲೇ ನಿಂತರು. ಸಂದರ್ಶನದ ವಾರದಲ್ಲಿ ಮನೆಯೊಳಗೆ ಗೂಬೆ ತಂದು ಕೂರಿಸುವವರನ್ನು ತಾನು ಕಂಡಿಲ್ಲ ಎಂದರು. ಈ ದೇಶದಲ್ಲಿ ಗೂಬೆಯೆಂದರೆ ಬುದ್ಧಿವಂತ ಹಕ್ಕಿಯೆಂದು ಉಮಾನಾಥರು ತಿಳಿಹೇಳಿದರು. ಬಹಳ ಚರ್ಚೆಯಾಗಿ, ಪರದೆಯ ತುಂಬ ಆನೆಗುಡ್ಡೆಯ ಗಣಪತಿಯ ಫೋಟೊ ಹಾಕಿ, ಗೂಬೆಯನ್ನು ಗಣಪತಿಯ ಪಾದದ ಬುಡಕ್ಕೆ ಎಳೆದಿಡುವುದೆಂದು ಒಪ್ಪಂದವಾಯಿತು.

ಭಾನುವಾರ ಶಂಕರ ಬಂದರು. ಶಂಕರ ಗುಲಾಬಿಯ ಅಣ್ಣ, ಸೌತ್‌ಹಾಲಿನಲ್ಲಿ ದಿನಸಿ ಅಂಗಡಿ ಇಟ್ಟವರು. ಉಮಾನಾಥರು ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ತಮ್ಮ ಮೈಮೇಲಿನ ಕೋಟನ್ನೇ ಬಿಚ್ಚಿ ಕೊಟ್ಟವರು. ಆ ಕೋಟಿನ ಭಾರ ಉಮಾನಾಥರ ಹೆಗಲಿನಿಂದ ಇನ್ನೂ ಇಳಿದಿರಲಿಲ್ಲ. ಕುಚ್ಚಲಕ್ಕಿಯ ಚೀಲ ಒಳಗಿಟ್ಟು ಕಂಪ್ಯೂಟರಿನತ್ತ ನೋಡಿದ ಶಂಕರ, ಇದು ಯಾರು ಹೇಳಿದ್ದೆಂದು ಕೇಳಿದರು. ಪಕ್ಕದ ಮನೆಯವರೆಂದು ತಿಳಿದಾಗ ಅವರ ಮುಖ ಸಣ್ಣದಾಯಿತು. ತನ್ನ ಅಂಗಡಿಯ ಬಿಲ್ಲಿಂಗ್ ಮೆಷಿನ್ ಇಷ್ಟು ವರ್ಷ ಒಂದು ಸೀನು ಕೂಡ ಸೀನಿಲ್ಲ, ಮನೆಯವರು ಇರುವಾಗ ಹೊರಗಿನವರನ್ನು ಕೇಳುವಷ್ಟು ತಾನು ಬೇಡವಾದೆನೇ ಎಂದರು. ಉಮಾನಾಥರು ಉತ್ತರ ಹುಡುಕುತ್ತಿರುವಾಗಲೇ ಕಾರಿನಿಂದ ಪೆನ್ ಡ್ರೈವ್ ತಂದು ಸ್ವಂತ ಕೈಯಿಂದ ಮೂರನೆಯದನ್ನು ಹಾಕಿಯೇ ಎದ್ದರು. ಅದು ನಾಯಿ. ಏನಾದರೂ ಅನುಮಾನ ಬಂದರೆ ಸ್ಪೀಕರಿನಲ್ಲಿ ಬೊಗಳುತ್ತಿತ್ತು.

ಹೊರಡುವಾಗ ಶಂಕರ ಉಮಾನಾಥರನ್ನು ಕಾರಿನ ಹತ್ತಿರ ಕರೆದರು.

"ಭಾವಯ್ಯ, ಈ ಶಾಲೆ ಕೆಲ್ಸ ಎಲ್ಲ ಎಂತಕೆ? ನನ್ ತಂಗಿ ಮಕ್ಳ ತಟ್ಟೆ ತೊಳುಕೆ ಹೋಪುದ್ ಬ್ಯಾಡ. ಬೇಕಾರೆ ನಮ್ಮಂಗ್ಡಿ ಕೌಂಟರಂಗೆ ಕೂಕಣ್ಲಿ. ನೀವೇ ಹೇಳಿ ಅವ್ಳಿಗೆ. ನೀವ್ ಹೇಳ್ರೆ ಕೇಣ್ತಳ್."

ಉಮಾನಾಥರಿಗೆ ಆ ಕೋಟು ನೆನಪಾಯಿತು. ಅಕ್ಕ್ ಭಾವಯ್ಯ ಎಂದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, ಗುಲಾಬಿಗೆ ಏನೂ ಹೇಳದೆ ಟಿವಿ ಹಾಕಿದರು. ಇಷ್ಟು ವರ್ಷ ಈ ಉಪಾಯದಿಂದ ಅವರಿಗೆ ಕೆಟ್ಟದ್ದೇನೂ ಆಗಿರಲಿಲ್ಲ. ಎರಡು ಕಡೆಗೂ ಒಪ್ಪಿ ಸುಮ್ಮನಿದ್ದರೆ ಲೋಕ ಹೇಗೋ ತಾನೇ ದಾರಿ ಮಾಡಿಕೊಳ್ಳುತ್ತದೆಂದು ಅವರು ನಂಬಿದ್ದರು.

ಸೋಮವಾರದಿಂದ ಯುದ್ಧ ಶುರುವಾಯಿತು. ಕೋಟೆ ಮೊದಲು ಎದ್ದು, ಈ ಕಂಪ್ಯೂಟರಿನಲ್ಲಿ ಗೂಬೆಯೊಂದು ಗುಟ್ಟಾಗಿ ಎಲ್ಲ ಕಡತಗಳನ್ನೂ ಇಣುಕುತ್ತಿದೆ, ಹೊರಹಾಕಲೇ ಎಂದು ಕೇಳಿತು. ಉಮಾನಾಥರು ವೈದೇಹಿಯವರ ಮುಖ ನೆನೆದು, ಇರಲಿ ಬಿಡು ಎಂದು ಒತ್ತಿದರು. ಗೂಬೆ ಕಣ್ಣು ತೆರೆದು, ನಾಯಿಯ ನಡವಳಿಕೆ ಸಂಶಯಾಸ್ಪದವಾಗಿದೆ ಎಂದಿತು. ಭಾವನ ಮುಖ ನೆನೆದು ಅದಕ್ಕೂ ಇರಲಿ ಬಿಡು ಎಂದರು. ನಾಯಿ ಕೋಟೆಯನ್ನು ನೋಡಿ ಬೊಗಳಿತು. ಪ್ರತಿಯೊಂದೂ ಉಳಿದೆರಡನ್ನು ಕಳ್ಳರೆಂದೇ ತಿಳಿದಿತ್ತು. ಕಾವಲುಗಾರರು ಒಬ್ಬರನ್ನೊಬ್ಬರು ಹಿಡಿಯುವುದರಲ್ಲೇ ಮುಳುಗಿ, ಕಂಪ್ಯೂಟರಿಗೆ ಉಸಿರಾಡಲೂ ಬಿಡುವಿಲ್ಲದಂತಾಯಿತು. ಒಂದು ಪುಟ ತೆರೆಯಲು ಹೇಳಿ ಹೋಗಿ ಚಹಾ ಮಾಡಿಕೊಂಡು ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು.

ಗುಲಾಬಿ ಇದ್ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಅಡುಗೆಮನೆಯಲ್ಲಿ ಮಿಕ್ಸಿಯನ್ನು ಎದುರಿಗಿಟ್ಟುಕೊಂಡು, ಅದನ್ನೇ ಸಂದರ್ಶನ ಮಾಡುವವರೆಂದು ಭಾವಿಸಿ, ಕೈತೊಳೆಯುವ ಕ್ರಮ, ಕಡಲೆಬೀಜ ಒಗ್ಗದ ಮಕ್ಕಳಿಗೆ ಬೇರೆ ಪಾತ್ರೆ, ಬಿಸಿ ಆಹಾರ ಎಷ್ಟು ಬಿಸಿ ಇರಬೇಕು ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದರು. ಉಮಾನಾಥರು ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿದರು. ಹೆಂಡತಿಗೆ ಇಷ್ಟು ಮಾತು ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಬುಧವಾರ ಮಧ್ಯಾಹ್ನ ಸಹಿಸಲಾಗದೆ ನವ್ಯಾಳಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡರು. ಅವಳು ಮೂರನ್ನೂ ಈಗಲೇ ತೆಗೆಯಿರಿ ಎಂದು ತೆಗೆಯುವ ದಾರಿಯನ್ನು ಹೇಳಿಕೊಟ್ಟಳು. ಉಮಾನಾಥರು ಗಟ್ಟಿ ಮನಸ್ಸು ಮಾಡಿ ಮೊದಲು ಗೂಬೆಯ ಮೇಲೆ ಒತ್ತಿದರು. ಗೂಬೆ ಪರದೆಯ ತುಂಬ ದೊಡ್ಡದಾಗಿ ಬಂದು ನಿಂತಿತು. ಅದರ ಒಂದು ಕಣ್ಣಿನಲ್ಲಿ ನೀರಿತ್ತು. ನಮ್ಮನ್ನು ನಿಜವಾಗಿಯೂ ಬಿಟ್ಟುಹೋಗುತ್ತೀರಾ, ನಮ್ಮಿಂದ ಏನು ತಪ್ಪಾಯಿತು, ದಯವಿಟ್ಟು ಇನ್ನೊಂದು ಅವಕಾಶ ಕೊಡಿ ಎಂದು ಕೇಳಿತು. ಕೆಳಗೆ 'ಅವಕಾಶ ಕೊಡುತ್ತೇನೆ' ಎಂದು ದೊಡ್ಡ ಹಸಿರು ಗುಂಡಿ, 'ಇಲ್ಲ' ಎಂದು ಕಣ್ಣಿಗೆ ಕಾಣದಷ್ಟು ಸಣ್ಣ ಬೂದು ಅಕ್ಷರ. ಈ ಗುಂಡಿಗಳನ್ನು ಮಾಡಿದವರು ಉಮಾನಾಥರನ್ನು ಎಲ್ಲೋ ಕಂಡಿರಲೇಬೇಕು. ಅವರು ಹಸಿರನ್ನು ಒತ್ತಿ, ಫೋನಿನಲ್ಲಿ ಕಾಯುತ್ತಿದ್ದ ಮಗಳಿಗೆ ಎಲ್ಲ ತೆಗೆದಾಯಿತು ಎಂದರು.

ಗುರುವಾರ ಬೆಳಿಗ್ಗೆ ಗುಲಾಬಿ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ನೀಲಿ ಸೀರೆಯ ಮೇಲೆ ಹೊಸ ಕಾರ್ಡಿಗನ್ ಹಾಕಿಕೊಂಡು ಕಂಪ್ಯೂಟರಿನ ಎದುರು ಕೂತರು. ಶುಭ ಹಾರೈಸುವ ನೆಪದಲ್ಲಿ ನಾರಾಯಣಸ್ವಾಮಿ ದಂಪತಿ ಬಂದರು. ತಂಗಿ ಮನಸ್ಸು ಬದಲಿಸಿದಳೋ ಇಲ್ಲವೋ ನೋಡಲು ಶಂಕರ ಬಂದರು. ಎಲ್ಲರೂ ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಒರಗಿ ನಿಂತರು. ಉಮಾನಾಥರು ಯಾರ ಕಣ್ಣೂ ಯಾರದರ ಮೇಲೂ ಬೀಳದಿರಲಿ ಎಂದು ಗಣಪತಿಯನ್ನು ಬೇಡಿಕೊಂಡರು.

ಪರದೆಯ ಮೇಲೆ ಇಬ್ಬರು ಹೆಂಗಸರು ಮೂಡಿದರು. ಗುಲಾಬಿ ಗುಡ್ ಮಾರ್ನಿಂಗ್ ಎಂದರು. ಆ ಮಾತಿಗಾಗಿ ಕಾದಿದ್ದಂತೆ ಕೋಟೆ ಎದ್ದು, ಯಾರೋ ನಿಮ್ಮ ಮೈಕ್ ಬಳಸುತ್ತಿದ್ದಾರೆ, ಮುಚ್ಚಿದ್ದೇನೆ ಎಂದಿತು. ಗೂಬೆ ರೆಕ್ಕೆ ಬಿಚ್ಚಿ ಕ್ಯಾಮೆರಾವನ್ನು ಮುಚ್ಚಿತು. ನಾಯಿ ಎಡೆಬಿಡದೆ ಬೊಗಳುತ್ತ ಇಡೀ ಕಂಪ್ಯೂಟರಿನ ತಪಾಸಣೆಗೆ ಹೊರಟಿತು. ಇಬ್ಬರು ಹೆಂಗಸರಲ್ಲಿ ಒಬ್ಬರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಹೋಯಿತು. ಆಮೇಲೆ ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು.

ಕೋಣೆಯಲ್ಲಿ ಮೊದಲು ಮಾತಾಡಿದವರು ನಾರಾಯಣಸ್ವಾಮಿಯವರು. ಅವರು ಕಪ್ಪಾದ ಪರದೆಯನ್ನು ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಏಕೆಂದರೆ ಗೂಬೆ ರೆಕ್ಕೆ ಬಿಚ್ಚಿದಾಗ ವೈದೇಹಿಯವರು 'ಅಯ್ಯೋ ನಂದು' ಎಂದುಬಿಟ್ಟಿದ್ದರು.

"ವೈದೇಹಿ, ಆ ಗೂಬೆ ನೀನು ಹೇಳಿದ್ದಾ?"

"ಹೌದು ರೀ. ನಿಮ್ಮ ಕೋಟೆ ಇದ್ದಾಗ ನಮ್ಮ ಲ್ಯಾಪ್‌ಟಾಪ್ ಆನ್ ಆಗೋಷ್ಟರಲ್ಲಿ ನಂದು ಎರಡು ಸಲ ಕಾಫಿ ಆಗ್ತಿತ್ತು. ನಮ್ಮನೇಲೂ ಯಾವತ್ತೋ ತೆಗೆದುಹಾಕಿದೀನಿ."

ತಮ್ಮ ಮನೆಯ ಕೋಟೆ ಬಿದ್ದು ಬಹಳ ಕಾಲವಾಯಿತೆಂದು ನಾರಾಯಣಸ್ವಾಮಿಯವರಿಗೆ ಆಗ ತಿಳಿಯಿತು. ಅವರು ನಿಧಾನವಾಗಿ ಸೋಫಾದ ಮೇಲೆ ಕೂತರು. ಶಂಕರ, ನಾಯಿಯೊಂದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ವಾದಕ್ಕಿಳಿದರು. ಕೌನ್ಸಿಲಿನಲ್ಲಿ ನಾಯಿಯನ್ನು ಯಾರೂ ಬಳಸುವುದಿಲ್ಲವೆಂದು ನಾರಾಯಣಸ್ವಾಮಿಯವರು ಕೂತಲ್ಲಿಂದಲೇ ಉತ್ತರಿಸಿದರು. ಉಮಾನಾಥರು ಒಬ್ಬೊಬ್ಬರಿಗೂ ತಲೆಯಾಡಿಸುತ್ತ, ಹೌದು, ನೀವು ಹೇಳುವುದು ಸರಿ, ನಿಮ್ಮದೂ ಸರಿ ಎನ್ನುತ್ತಿದ್ದರು. ಅಭ್ಯಾಸಬಲದಿಂದ ಎಲ್ಲರಿಗೂ ಚಹಾ ತಂದರು.

ಗುಲಾಬಿ ಯಾರನ್ನೂ ಬೈಯಲಿಲ್ಲ. ಕಪ್ಪು ಪರದೆಯಲ್ಲಿ ಕಾಣುತ್ತಿದ್ದ ತಮ್ಮದೇ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು, ಇಮೇಲಿನಲ್ಲಿದ್ದ ನಂಬರನ್ನು ಮುಂಚೆಯೇ ಹಾಕಿಟ್ಟುಕೊಂಡಿದ್ದ ತಮ್ಮ ಫೋನನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಿಕ್ಸಿ ಅಲ್ಲೇ ಇತ್ತು.

ಚಹಾದ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತ ಉಮಾನಾಥರಿಗೆ ಒಳಗಿನ ಮಾತು ಕೇಳುತ್ತಿತ್ತು. ಗುಲಾಬಿ ಕಂಪ್ಯೂಟರಿನ ವಿಷಯಕ್ಕೆ ಕ್ಷಮೆ ಕೇಳಿದರು. ಆ ಹೆಂಗಸು ತೊಂದರೆಯಿಲ್ಲ, ಫೋನಿನಲ್ಲೇ ಮಾತಾಡೋಣ ಎಂದಿರಬೇಕು. ಆಮೇಲೆ ಕೈತೊಳೆಯುವುದು, ಬೇರೆ ಪಾತ್ರೆ, ಬಿಸಿ ಎಲ್ಲ ಬಂತು, ಒಂದೂ ತಡವರಿಸದೆ. ಕೊನೆಗೆ, ಊಟ ಬೇಡವೆಂದು ಹಟ ಮಾಡುವ ಮಗು ಇದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆಂದು ಉತ್ತರದಿಂದ ತಿಳಿಯಿತು.

ಬೇಡ ಎನ್ನುವ ಮಗು ಸುಲಭ ಎಂದು ಗುಲಾಬಿ ತಮ್ಮ ಹೋಟೆಲ್ ಇಂಗ್ಲಿಷಿನಲ್ಲಿ ಹೇಳಿದರು. ಯಾಕೆ ಬೇಡ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಹೇಳುತ್ತದೆ. ಕಷ್ಟ ಇರುವುದು ಎಲ್ಲದಕ್ಕೂ ಹೌದೆನ್ನುವ ಮಗುವಿನದು. ಬಡಿಸಿದ್ದನ್ನೆಲ್ಲ ಹಾಕಿಸಿಕೊಂಡು ತುಂಬಿದ ತಟ್ಟೆಯೆದುರು ಕೂತಿರುತ್ತದೆ, ಅದಕ್ಕೆ ನಿಜವಾಗಿ ಏನು ಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಥದ್ದೊಂದನ್ನು ತಾನು ಮನೆಯಲ್ಲಿ ಬಹಳ ವರ್ಷದಿಂದ ನೋಡಿಕೊಂಡು ಬಂದಿದ್ದೇನೆ ಎಂದರು. ಆಚೆಯವರು ಮಗುವಿನ ವಯಸ್ಸು ಕೇಳಿರಬೇಕು.

"ಸಿಕ್ಸ್ಟಿ ಟೂ," ಎಂದರು ಗುಲಾಬಿ.

ಫೋನಿನೊಳಗಿನ ನಗು ಬಾಗಿಲಾಚೆಗೂ ಕೇಳಿಸಿತು. ಉಮಾನಾಥರು ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದರು. ಅವರಿಗೆ ನಾಚಿಕೆಯಾಯಿತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಆದರೆ ಬಂದದ್ದು ನಾಚಿಕೆಯೇ.

ಗುಲಾಬಿ ಹೊರಗೆ ಬಂದಾಗ ಕಾರ್ಡಿಗನ್ನಿನ ಗುಂಡಿಯನ್ನು ಸುಮ್ಮನೆ ಬಿಚ್ಚಿ ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಶಾಲೆಯ ಅಡುಗೆಮನೆಗೆ ಬರಹೇಳಿದ್ದಾರೆ, ಒಂದು ವಾರ ನೋಡಿ ಖಾಯಂ ಮಾಡಿಕೊಳ್ಳುತ್ತಾರಂತೆ ಎಂದರು. ವೈದೇಹಿಯವರು ಅವರ ಕೈ ಹಿಡಿದುಕೊಂಡರು. ಶಂಕರ ಮಾತ್ರ ಚಹಾ ಮುಟ್ಟದೆ, ಕಂಪ್ಯೂಟರಿಗೇ ಮನಸ್ಸಿರಲಿಲ್ಲ, ಇನ್ನಾದರೂ ತಿಳಿದುಕೊಳ್ಳಬೇಕು ಎಂದರು. ಆಮೇಲೆ ಭಾವನ ಕಡೆ ತಿರುಗಿದರು.

"ಭಾವಯ್ಯ, ನೀವ್ ಅವತ್ತೇ ಒಪ್ಪಿದ್ರಿ ಅಲ್ದಾ? ಈಗ ಹೇಳಿ ಅವ್ಳಿಗೆ."

ಗುಲಾಬಿಯ ಕೈ ಗುಂಡಿಯ ಮೇಲೆ ನಿಂತಿತು. ಅವರು ಗಂಡನನ್ನು ನೋಡಿದರು, ಆಮೇಲೆ ಕಪ್ಪಾಗಿ ಕೂತ ಕಂಪ್ಯೂಟರನ್ನು ನೋಡಿದರು, ಮತ್ತೆ ಗಂಡನನ್ನು. ಅವರ ತಲೆಯಲ್ಲಿ ಏನು ಓಡುತ್ತಿದೆಯೆಂದು ಉಮಾನಾಥರಿಗೆ ಗೊತ್ತಾಯಿತು. ಬೇಕೆಂದೇ ಕೆಡಿಸಿದ್ದಲ್ಲವೆಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುಲಾಬಿಯ ಮಾತೇ ಮೊದಲು ಬಂತು.

"ನಂಗೂ ಅಕ್ಕ್ ಅಂದ್ರಿ, ಅಣ್ಣನಿಗೂ ಅಕ್ಕ್ ಅಂದ್ರಿ," ಎಂದರು ಗುಲಾಬಿ. ದನಿ ಏರಿರಲಿಲ್ಲ. "ಹ್ವಾಯ್, ನಿಮ್ ಅಕ್ಕ್ ಅಂಬುದನ್ನ ನಾ ಎಂತಂದ್ ಅರ್ಥ ಮಾಡ್ಕಣ್ಕ್?"

ಹೋಟೆಲಿನಲ್ಲಿ ಇಂಥ ಹೊತ್ತಿನಲ್ಲಿ ಐದು ನಿಮಿಷವೆಂದು ಹೇಳಿ ಒಳಗೆ ಹೋಗಬಹುದಾಗಿತ್ತು. ಇಲ್ಲಿ ಒಳಗೆ ಹೋಗುವ ಬಾಗಿಲಲ್ಲಿ ಗುಲಾಬಿಯೇ ನಿಂತಿದ್ದರು. ಉಮಾನಾಥರು ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟರು. ತಟ್ಟೆಯಿಲ್ಲದೆ ಅವರ ಕೈಗಳಿಗೆ ಎಲ್ಲಿರಬೇಕೆಂದೇ ತಿಳಿಯಲಿಲ್ಲ.

"ಆತಿಲ್ಲೆ ಭಾವಯ್ಯ," ಎಂದರು.

ಶಂಕರನಿಗೆ ಕೇಳಿಸಲಿಲ್ಲ. ಆ ಬಾಯಿಂದ ಆಗುವುದಿಲ್ಲ ಎಂಬ ಮಾತನ್ನು ನಿರೀಕ್ಷಿಸಿದವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಎಂತ ಎಂದು ಕೇಳಿದರು. ಒಮ್ಮೆ ಹೇಳಿದ್ದೇ ದೊಡ್ಡದು, ಈ ಮನುಷ್ಯ ಎರಡನೆಯ ಸಲವೂ ಹೇಳಬೇಕಾಗಿ ಬಂತು.

"ಆತಿಲ್ಲೆ. ನಾ ಅವ್ಳಿಗೆ ಹೋಗ್ಬೇಡ ಅಂದ್ ಹೇಳುದಿಲ್ಲೆ. ಅವತ್ತ್ ನಿಮ್ ಹತ್ರ ಅಕ್ಕ್ ಅಂದದ್ದ್ ನನ್ನದೇ ತಪ್ಪ್."

ವೈದೇಹಿಯವರ ಚಹಾ ಕಪ್ ತುಟಿಯ ಹತ್ತಿರವೇ ನಿಂತಿತು. ನಾರಾಯಣಸ್ವಾಮಿಯವರು ಬಿದ್ದ ಕೋಟೆಯ ದುಃಖವನ್ನೂ ಮರೆತು ತಲೆಯೆತ್ತಿದರು. ಶಂಕರ ಭಾವನನ್ನು ಹೊಸ ಬಾಡಿಗೆದಾರನನ್ನು ನೋಡುವ ಹಾಗೆ ನೋಡಿ, ಕಾರಿನ ಕೀ ಎತ್ತಿಕೊಂಡು ಬಾಗಿಲಿನತ್ತ ನಡೆದರು. ಅಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಎಚ್ಚರಗೊಂಡು, ಅವರ ಬೆನ್ನಿಗೆ ನಾಯಿ ಒಮ್ಮೆ ಬೊಗಳಿತು. ಶಂಕರ ತಿರುಗಿ ನೋಡಲಿಲ್ಲ. ಉಮಾನಾಥರು ಕಾರಿನ ತನಕ ಹಿಂದೆಯೇ ಹೋದರು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕಾರು ಹೊರಟ ಮೇಲೆ ಒಳಗೆ ಬಂದರು.

ನಾರಾಯಣಸ್ವಾಮಿಯವರು ಸಮಯ ನೋಡಿ, ಹಾಗಾದರೆ ಕೋಟೆಯೊಂದನ್ನೇ ಉಳಿಸಿಕೊಳ್ಳುವುದು ಉತ್ತಮವೆಂದು ಸೂಚಿಸಿದರು. ಉಮಾನಾಥರು ಬೇಡ ಸರ್ ಎಂದರು. ಗೂಬೆಯಾದರೂ ಎಂದು ವೈದೇಹಿಯವರು ಮಾತು ತೆಗೆದರು. ಅದೂ ಬೇಡ ಮೇಡಂ, ಮಗಳು ಹೇಳಿದ ಹಾಗೆ ಒಳಗಿರುವುದೇ ಸಾಕು ಎಂದರು. ಎರಡನೆಯದು ಮೂರನೆಯದು ಅಷ್ಟೇನೂ ನೋಯಲಿಲ್ಲ. ದಂಪತಿ ಒಬ್ಬರ ಹಿಂದೊಬ್ಬರು ತಮ್ಮ ಮನೆಯ ಲ್ಯಾಪ್‌ಟಾಪಿನ ವಿಚಾರಣೆಗೆ ಹೊರಟರು. ಆ ವಿಚಾರಣೆ ಏನಾಯಿತೆಂಬುದು ಈ ಕಥೆಗೆ ಸೇರಿದ್ದಲ್ಲ.

ಕೋಣೆಯಲ್ಲಿ ಇಬ್ಬರೇ ಉಳಿದರು. ಮೇಜಿನ ಮೇಲೆ ಚಹಾ ಆರಿತ್ತು. ಗುಲಾಬಿ ಕಾರ್ಡಿಗನ್ ಬಿಚ್ಚಿ ಕುರ್ಚಿಗೆ ಹಾಕಿ, ಗಂಡನ ಎದುರು ಬಂದು ಕೂತರು.

"ನಾ ಸೋಮಾರದಿಂದ ಕೆಲ್ಸಕ್ಕೆ ಹೋತೆ," ಎಂದರು. "ಅಕ್ಕಾ?"

ಉಮಾನಾಥರ ಬಾಯಿ ತಾನಾಗಿ ತೆರೆಯಿತು. ಅವರು ಅದನ್ನು ಮುಚ್ಚಿದರು. ಮುಚ್ಚಿ, ಕೇಳಿದ್ದನ್ನು ಯೋಚಿಸತೊಡಗಿದರು. ಬೆಳಿಗ್ಗೆ ತಾವೇ ಎದ್ದು ಚಹಾ ಮಾಡಿಕೊಳ್ಳಬೇಕು. ಮಧ್ಯಾಹ್ನ ಈ ಮನೆಯಲ್ಲಿ ಒಬ್ಬರೇ ಇರಬೇಕು, ಮಾತಿಗೆ ಯಾರೂ ಇರುವುದಿಲ್ಲ. ಶಂಕರ ಇನ್ನು ಎಷ್ಟು ದಿನ ಈ ಕಡೆ ಬರುವುದಿಲ್ಲವೋ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲಾಚೆಯಿಂದ ಕೇಳಿದ ಆ ಇಂಗ್ಲಿಷ್, ಅದನ್ನು ಇನ್ನು ಮೇಲೆ ಬೇರೆ ಯಾರೋ ದಿನವೂ ಕೇಳುತ್ತಾರೆ. ಗುಲಾಬಿ ಅವಸರ ಮಾಡಲಿಲ್ಲ. ಮದುವೆಯಾದಂದಿನಿಂದ ಈ ಮನುಷ್ಯ ಉತ್ತರಕ್ಕೆ ಮುಂಚೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವರು ಕಂಡಿರಲಿಲ್ಲ.

"ಮಧ್ಯಾಹ್ನ ಒಬ್ನೇ ಉಣ್ಕ್, ಅದೊಂದ್ ನಂಗೆ ಬೇಜಾರ್," ಎಂದರು ಉಮಾನಾಥರು ಕೊನೆಗೆ. "ಬೇಜಾರಾತ್ತ್, ಸುಳ್ಳ್ ಹೇಳುದಿಲ್ಲೆ. ಆದ್ರೂ ನೀ ಹೋಯ್ಕ್. ಅಕ್ಕ್."

ಗುಲಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಸಲ ಅವರು ಆ ಮಾತನ್ನು ನಂಬಿದರು.